ಮಹಾಗಾಂವ ಕ್ರಾಸಿನ ಲಿಂಬೆಹಣ್ಣು

“ನಾ ಹತ್ತೂತನಕ ಸೀಟಿ ಊದಿದ್ರ ನೋಡು ಮತ್ತ!”

ಕಂಡಕ್ಟರನಿಗೆ ಬೆರಳು ತೋರಿಸಿ ಇಂದೂಬಾಯಿ ಮಹಾಗಾಂವ ಕ್ರಾಸಿನಲ್ಲಿ ಇಳಿದಳು. ಆ ದನಿಗೆ ಬಸ್ಸೇನು, ಓಡುವ ರೈಲೂ ಹಳಿಯ ಮೇಲೆ ಕೈಕಟ್ಟಿ ನಿಲ್ಲುತ್ತದೆ. ಮೊಮ್ಮಗಳು ಮಂಜುಷಾಳನ್ನೂ ಇಳಿಸಿಕೊಂಡು, ಮೂರು ದಾರಿ ಕೂಡುವಲ್ಲಿ ನಿಲ್ಲಿಸಿದಳು. ಲಿಂಬೆಹಣ್ಣು, ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ದೃಷ್ಟಿ ತೆಗೆದು, ಬೇವಿನ ಗಿಡದ ಬುಡಕ್ಕೆ ಬೀಸಿ ಒಗೆದಳು.

“ತಿರುಗಿ ನೋಡಬ್ಯಾಡ ಮಂಜೂ. ನೋಡಿದ್ರ, ಬಿಟ್ಟಿದ್ದು ಬೆನ್ನ ಹತ್ತತದ.”

ದೃಷ್ಟಿ ತೆಗೆಯುವುದರಲ್ಲಿ ಕಮಲಾಪುರದಿಂದ ಕಾಶಿಯವರೆಗೆ ಇಂದೂಬಾಯಿಗೆ ಸಮ ಯಾರೂ ಇಲ್ಲ. ಆಕೆ ಉಪ್ಪು ಇಳಿಸಿದರೆ ಒಣಗಿದ ಕಟ್ಟಿಗೆಯೂ ಚಿಗುರುತ್ತದೆ. ಅರವತ್ತು ವರ್ಷದ ತನ್ನ ನೇಮದಂತೆ ಆಕೆ ಹಿಂದೆ ನೋಡಲಿಲ್ಲ. ನೋಡಿದವಳು ಮಂಜುಷಾ, ಬಸ್ಸಿನ ಕಿಟಕಿಯಿಂದ.

ಬೇವಿನ ಕೆಳಗೆ ಅವಳ ಬಸ್ಸಿನ ಗೆಳತಿ ಭಾಗ್ಯ ನಿಂತಿದ್ದಳು. ಕಾಲಬಳಿ ಬಿದ್ದ ಲಿಂಬೆಹಣ್ಣನ್ನು ನೋಡಿದಳು. ಬಸ್ಸನ್ನು ನೋಡಿದಳು. ಹತ್ತಲಿಲ್ಲ.

ಅದು ದ್ವಿತೀಯ ಪಿಯುಸಿಯ ಮೊದಲ ಪೇಪರು. ಅಂದಿನಿಂದ ಪೇಪರಿಗೊಂದು ಲಿಂಬೆಹಣ್ಣು ಬಿತ್ತು. ಒಂದು ಪೇಪರಿನ ದಿನವೂ ಭಾಗ್ಯ ಬಸ್ಸು ಹತ್ತಲಿಲ್ಲ.

ಫಲಿತಾಂಶ ಬಂದ ದಿನ ಕಮಲಾಪುರದ ಮನೆಯಲ್ಲಿ ಗೋಡೆಗಡಿಯಾರವೂ ಉಸಿರು ಬಿಗಿಹಿಡಿಯಿತು. ಮಂಜುಷಾ ಎಂದರೆ ಸಾಮಾನ್ಯಳೇ? ಕಲಬುರಗಿಯ ಕಾಲೇಜಿನಲ್ಲಿ ವರ್ಷವಿಡೀ ಎಲ್ಲ ಟೆಸ್ಟಿಗೂ ಮೊದಲಿಗಳು. ನೆಹರು ಗಂಜ್ ಮಾರುಕಟ್ಟೆಯಲ್ಲಿ ತೊಗರಿ ಚೀಲ ಒಟ್ಟಿದಂತೆ ಅಂಕ ಒಟ್ಟಿದವಳು. ಅವಳ ಉತ್ತರ ಓದಿ ಮೇಷ್ಟ್ರುಗಳು ತಮ್ಮ ಪುಸ್ತಕ ತಿದ್ದಿಕೊಳ್ಳುತ್ತಿದ್ದರು. ಅಂಥವಳು ಈಗ ಎಲ್ಲ ವಿಷಯಗಳಲ್ಲೂ ಬರೀ ಪಾಸು. ಪೇಢೆ ತರಲು ಹೋದ ಅಪ್ಪ ಗೋಪಾಲರಾಯರು ಖಾಲಿ ಕೈಯಲ್ಲಿ ಮರಳಿದರು.

ಮಂಜುಷಾ ಗೋಡೆಗೆ ಮುಖ ಮಾಡಿ ಮಲಗಿದಳು. ಅಂಕ ಹೆಚ್ಚಿಸಿಕೊಳ್ಳುವ ಎರಡನೇ ಪರೀಕ್ಷೆ ಹತ್ತಿರ ಬಂತು. ಅವಳು ಪುಸ್ತಕ ಮುಟ್ಟಲಿಲ್ಲ.

“ವರ್ಷಪೂರ್ತಿ ಫಸ್ಟ್ ಬಂದಾಕಿ ನೀ. ಇನ್ನೊಮ್ಮೆ ಬರದ್ರ ಎಲ್ಲಾ ಸರಿ ಆಗ್ತದ, ಏಳು,” ಎಂದಳು ಇಂದೂಬಾಯಿ.

“ಫಸ್ಟ್ ಬಂದಾಕಿ ನಾ ಅಲ್ಲ ಅಜ್ಜಿ. ಭಾಗ್ಯ.”

“ಯಾವ ಭಾಗ್ಯ?”

ಮಂಜುಷಾ ಗೋಡೆಗೇ ಹೇಳಿದಳು. ಮಹಾಗಾಂವ ಕ್ರಾಸಿನಲ್ಲಿ ದಿನಾ ಬಸ್ಸು ಹತ್ತುವ ಹುಡುಗಿ. ಎಷ್ಟೇ ಗದ್ದಲವಿದ್ದರೂ ಮಂಜುಷಾಳ ಪಕ್ಕದಲ್ಲೇ ಅವಳಿಗೆ ಜಾಗ. ತೆಳ್ಳಗೆಂದರೆ ಎಷ್ಟು ತೆಳ್ಳಗೆ? ನಡುಮಧ್ಯಾಹ್ನ ನಿಂತರೂ ನೆಲದ ಮೇಲೆ ನೆರಳು ಬೀಳದಷ್ಟು. ಕಲಬುರಗಿಯ ಬಿಸಿಲಿಗೆ ಕಲ್ಲು ಬೆವರಿದರೂ ಅವಳು ಬೆವರಳು. ಹೆಂಗಸರಿಗೆಲ್ಲ ಶೂನ್ಯ ಟಿಕೆಟ್ ಹರಿದು ಕೊಡುವ ಕಂಡಕ್ಟರ್ ಅವಳತ್ತ ಕಣ್ಣೆತ್ತಿಯೂ ನೋಡನು. ಬಡವರ ಮಕ್ಕಳನ್ನು ಯಾರು ತಾನೇ ನೋಡುತ್ತಾರೆ? ಹಾಜರಿ ಕೂಗುವಾಗ ಅವಳ ಹೆಸರು ಬರುತ್ತಿರಲಿಲ್ಲ. ಬೇರೆ ಸೆಕ್ಷನ್ನಿನವಳು ಕದ್ದು ಬಂದು ಕೂಡುತ್ತಾಳೆ ಎಂದು ಮಂಜುಷಾ ತಿಳಿದಿದ್ದಳು. ಟೆಸ್ಟಿನಲ್ಲಿ ಮಾತ್ರ ಹಿಂದಿನ ಬೆಂಚಿನಿಂದ ತಣ್ಣಗೆ ಕಿವಿಯ ಹತ್ತಿರ ಒಂದು ಉಸಿರು: ಅದಲ್ಲ, ಇದು ಬರಿ.

“ಅದಕ್ಕ ಬದಲಿ ಆಕಿ ಒಂದೇ ಮಾತು ಕೇಳ್ತಿದ್ಲು ಅಜ್ಜಿ. ಪರೀಕ್ಷಾದ ದಿನ ನನ್ನ ಬಿಟ್ಟು ಹೋಗಬ್ಯಾಡ ಅಂತ. ನೀ ಆಕಿ ಕಾಲಾಗ ಲಿಂಬಿಹಣ್ಣು ಒಗದಿ. ಕೆಟ್ಟ ಕಣ್ಣಿನಾಕಿ ಅಂದಂಗ ಆಗ್ಲಿಲ್ಲೇನು? ಆಕಿ ಬಂದ್ರಷ್ಟೇ ನಾ ಪರೀಕ್ಷಾ ಬರೀತೀನಿ.”

ಇಂದೂಬಾಯಿ ಜೀವಮಾನದಲ್ಲಿ ಯಾರ ಮುಂದೂ ತಗ್ಗಿದವಳಲ್ಲ. ದೇವರಿಗೂ ಅರ್ಧವೇ ಬಾಗುವವಳು. ಆದರೆ ಮರುದಿನ ಮುಂಜಾನೆ ಚೀಲದಲ್ಲಿ ಹಸಿರು ಖಣ, ತೆಂಗಿನಕಾಯಿ, ಅರಿಶಿನ ಕುಂಕುಮ ಇಟ್ಟುಕೊಂಡು ಒಬ್ಬಳೇ ಮಹಾಗಾಂವಕ್ಕೆ ಹೊರಟಳು. ಹುಡುಗಿಯ ಉಡಿ ತುಂಬಿ ಮನಸ್ಸು ತಿಳಿಮಾಡಬೇಕು.

ಕ್ರಾಸಿನ ಚಹಾದಂಗಡಿಯಲ್ಲಿ ಭಾಗ್ಯಳ ಮನೆ ಕೇಳಿದಳು. ಚಹಾ ಸೋಸುತ್ತಿದ್ದವನ ಕೈ ನಿಂತಿತು. ಸೋಸಣಿಗೆಯಿಂದಲೇ ದಾರಿ ತೋರಿಸಿದ.

ಭಾಗ್ಯಳ ತಾಯಿ ದುಂಡಮ್ಮ ರೊಟ್ಟಿ ಬಡಿಯುತ್ತಿದ್ದಳು.

“ನಾ ಕಮಲಾಪುರದ ಮಂಜುಷಾನ ಅಜ್ಜಿ,” ಎಂದಳು ಇಂದೂಬಾಯಿ ಬಾಗಿಲಲ್ಲೇ. “ಭಾಗ್ಯ ಹೊಲಕ್ಕ ಹೋಗ್ಯಾಳೇನವಾ? ಕರಿ ಆಕಿನ್ನ. ಉಡಿ ತುಂಬ್ತೀನಿ. ತಪ್ಪಾತು ಅಂತೀನಿ. ಪರೀಕ್ಷಾಕ್ಕ ನಮ್ಮ ಹುಡುಗಿ ಸಂಗಟ ಆಕಿ ಬರಲೇಬೇಕು.”

ದುಂಡಮ್ಮನ ಕೈಯಲ್ಲಿ ರೊಟ್ಟಿ ಹರಿಯಿತು.

“ಬಡವರ ಸಂಗಟ ಏನ್ ಚ್ಯಾಷ್ಟಿರೀ ಬಾಯಾರ? ಹ್ವಾದ ವರ್ಷ ಮೊದಲನೇ ಪೇಪರಿಗಿ ಹೊಂಟಿದ್ಲು ನನ್ನ ಮಗಳು. ಕಾಲೇಜಿನ್ಯಾಗ ಫಸ್ಟ್ ಇದ್ದಾಕಿ. ಆ ಬೇವಿನ ಗಿಡದ ಬುಡಕ ಬಸ್ಸಿಗಿ ನಿಂತಾಗ ಟೆಂಪೊ ಬಡದು ಅಲ್ಲೇ ಸತ್ತಳ್ರೀ. ಮಣ್ಣ ಮಾಡೂ ಮುಂದನೂ ಹಾಲ್ ಟಿಕೀಟ್ ಮುಷ್ಟ್ಯಾಗೇ ಇತ್ತು. ಬಿಡಸಾಕ ಆಗಲಿಲ್ಲ.”

ಖಣವನ್ನು ದುಂಡಮ್ಮನ ಹೊಸ್ತಿಲ ಮೇಲಿಟ್ಟು ಇಂದೂಬಾಯಿ ಕ್ರಾಸಿಗೆ ಬಂದಳು. ಬೇವಿನ ಬುಡದಲ್ಲಿ ಕುಕ್ಕುರುಗಾಲಿನಲ್ಲಿ ಕೂತು, ಒಣಗಿ ಕಲ್ಲಾಗಿದ್ದ ಲಿಂಬೆಹಣ್ಣುಗಳನ್ನು ಒಂದೊಂದಾಗಿ ಆಯ್ದು ಸೆರಗಿಗೆ ಕಟ್ಟಿಕೊಂಡಳು. ಒಂದನ್ನೂ ಬಿಡಲಿಲ್ಲ. ಬಸ್ಸು ಬಂತು. ಮೆಟ್ಟಿಲ ಮೇಲೆ ಕಾಲಿಟ್ಟವಳು, ಹುಟ್ಟಿದಂದಿನಿಂದ ಮೊದಲ ಸಲ, ತಿರುಗಿ ನೋಡಿದಳು.

“ಒಬ್ಬರೇನ್ರೀ ಬಾಯಾರ?” ಎಂದ ಕಂಡಕ್ಟರ್.

“ಕಮಲಾಪುರಕ್ಕ ಎರಡು ಕೊಡಪ್ಪ,” ಎಂದು ಇಂದೂಬಾಯಿ ಕಿಟಕಿಯ ಪಕ್ಕದ ಜಾಗ ಬಿಟ್ಟು ಕೂತಳು.