ಸದ್ದಿಲ್ಲದ ಪಂದ್ಯ

ಕೆರೆಯ ನಟ್ಟನಡುವೆ ಬೆರಿಲ್‌ಳ ದೋಣಿ ಗಕ್ಕನೆ ನಿಂತುಬಿಟ್ಟಿತು. ದಡದಲ್ಲಿ ರಿಮೋಟ್ ಹಿಡಿದು ನಿಂತಿದ್ದ ಅವಳು ಎಷ್ಟು ಒತ್ತಿದರೂ ಮೊಳದುದ್ದದ ಆ ಕೆಂಪು ದೋಣಿ ಮುಂದೆ ಹೋಗಲಿಲ್ಲ, ಗಾಳಿ ತಳ್ಳಿದ ಕಡೆಗೆ ತೇಲತೊಡಗಿತು. ದೋಣಿ ಬ್ಯಾಟರಿ ಸೆಲ್ ತರೋಕೆ ಅಂಗಡಿಗೆ ಹೊರಟಿರಬೇಕು ಎಂದು ಯಾರೋ ಅಂದರು. ದಡವೆಲ್ಲ ನಕ್ಕಿತು. ಲಿಂಡ್ಸೆ ಟಕ್‌ವೆಲ್ ಕೂಡ ನಕ್ಕ.

ಪಂದ್ಯದ ನಡುವೆ ಕೆಟ್ಟು ನಿಂತ ದೋಣಿಗಳನ್ನು ತೆಪ್ಪದಲ್ಲಿ ಹೋಗಿ ತರುವುದು ಅವನ ಕೆಲಸ. ಹುಟ್ಟು ಹಾಕುತ್ತ ಹೋಗಿ ಕೆಂಪು ದೋಣಿಯನ್ನು ನೀರಿನಿಂದೆತ್ತಿ ತಿರುಗಿಸಿದ. ಹಿಂದಿನ ಪಂಖಕ್ಕೆ, ಯಾರೋ ಮೀನು ಹಿಡಿಯುವವರು ಬಿಟ್ಟುಹೋದ ಗಾಳದ ದಾರ ಹೆಬ್ಬೆರಳ ದಪ್ಪಕ್ಕೆ ಸುತ್ತಿಕೊಂಡಿತ್ತು. ಬ್ಯಾಟರಿಯ ತಪ್ಪಲ್ಲ, ಮೋಟರಿನ ತಪ್ಪೂ ಅಲ್ಲ. ಪೆಟ್ರೋಲ್ ದೋಣಿಯಾಗಿದ್ದರೂ ನಿಲ್ಲಲೇಬೇಕಿತ್ತು. ದಡದ ಕಡೆ ಬೆನ್ನು ಮಾಡಿ ಕೂತಿದ್ದ ಲಿಂಡ್ಸೆ ಜೇಬಿನಿಂದ ಚಾಕು ತೆಗೆದು ದಾರ ಕತ್ತರಿಸಿದ. ಸುರುಳಿಯನ್ನು ನೀರಿಗೆ ಬಿಟ್ಟ.

ಬೆರಿಲ್‌ಳ ದೋಣಿ ನಿಲ್ಲದೆ ಸುತ್ತು ಮುಗಿಸಿದರೆ ಮುಂದಿನ ಹಂಗಾಮಿನಿಂದ ಬ್ಯಾಟರಿ ದೋಣಿಗಳಿಗೂ ಪಂದ್ಯವಿಡೋಣ ಎಂದು ಕ್ಲಬ್ಬಿನ ಅಧ್ಯಕ್ಷ ನೆವಿಲ್ ಹೇಳಿದ್ದ. ಅಲ್ಲಿಯವರೆಗೆ ಆ ಕ್ಲಬ್ಬಿನಲ್ಲಿ ಓಡಿದ್ದೆಲ್ಲ ಪೆಟ್ರೋಲ್ ದೋಣಿಗಳೇ. ಭಾನುವಾರ ಬೆಳಗಾದರೆ ತಮ್ಮ ಎಂಜಿನ್ನಿನ ಸದ್ದು ಸರಿಯಿದೆಯಾ ಕೇಳು ಎಂದು ಅರ್ಧ ಕ್ಲಬ್ಬು ಲಿಂಡ್ಸೆಯ ಸುತ್ತ ನೆರೆಯುತ್ತಿತ್ತು. ಕೆಲಸದಿಂದ ನಿವೃತ್ತನಾದ ಮೇಲೆ ಜನ ಅವನನ್ನು ಹುಡುಕಿಕೊಂಡು ಬರುತ್ತಿದ್ದುದು ಅದೊಂದಕ್ಕೇ. ಸದ್ದೇ ಮಾಡದ ದೋಣಿಗೆ ಅವನ ಕಿವಿ ಯಾಕೆ ಬೇಕು? ಇದನ್ನೆಲ್ಲ ಅವನು ಯೋಚಿಸಿದ್ದು ಆಮೇಲೆ. ಕೈ ಮೊದಲೇ ತನ್ನ ಕೆಲಸ ಮಾಡಿ ಮುಗಿಸಿತ್ತು.

ಏನಾಗಿತ್ತು ಎಂದು ನೆವಿಲ್ ಕೇಳಿದಾಗ, "ನಿಂತೋಗಿತ್ತು, ಅಷ್ಟೆ" ಅಂದ. ಸಾಸೇಜು ಸುಡುವ ಒಲೆಯ ಪಕ್ಕದಲ್ಲೇ ಎಲ್ಲರೂ ಕೈಯೆತ್ತಿ ಮತ ಹಾಕಿದರು. ಬ್ಯಾಟರಿ ದೋಣಿಗಳು ಬೇಡವೆಂದಾಯಿತು. ನ್ಯುಮೋನಿಯಾ ಆಗಿ ಎದ್ದ ಮೇಲೆ ಬೆರಿಲ್‌ಗೆ ಪೆಟ್ರೋಲ್ ಹೊಗೆ ಕುಡಿದರೆ ಉಸಿರು ಕಟ್ಟುತ್ತಿತ್ತು. ಗಂಡನ ಜೊತೆ ಕಟ್ಟಿದ ದೋಣಿಯ ಎಂಜಿನ್ ಬಿಚ್ಚಿಟ್ಟು, ಚಳಿಗಾಲವಿಡೀ ಕೂತು ಅದಕ್ಕೆ ಮೋಟರ್ ಕೂರಿಸಿದ್ದಳು. ಇನ್ನು ಅವಳು ದೂರದಲ್ಲಿ ಕುರ್ಚಿ ಹಾಕಿಕೊಂಡು ಬೇರೆಯವರ ದೋಣಿಗಳನ್ನು ನೋಡಬೇಕು, ಅಷ್ಟೆ. ನಾನೇ ಸರಿಯಾಗಿ ಚಾರ್ಜ್ ಮಾಡಿರಲಿಕ್ಕಿಲ್ಲ, ನಿಮ್ಮೆಲ್ಲರ ಬೆಳಗು ಹಾಳು ಮಾಡಿದೆ ಎಂದು ಎಲ್ಲರ ಕ್ಷಮೆ ಕೇಳಿದಳು. ಆಮೇಲೆ ಲಿಂಡ್ಸೆಯ ಹತ್ತಿರ ಬಂದು ತನ್ನ ಟವೆಲ್ ಕೊಟ್ಟಳು.

"ತೋಳೆಲ್ಲ ಒದ್ದೆ ಮಾಡ್ಕೊಂಡೆ ನನ್ನಿಂದ. ಒರೆಸ್ಕೋ."

ಆ ಟವೆಲನ್ನು ಹಿಂದಿರುಗಿಸುವ ನೆಪದಲ್ಲಿ ಕೆಲವು ದಿನ ಬಿಟ್ಟು ಅವಳ ಮನೆಗೆ ಹೋದ. ಹಿತ್ತಲ ಶೆಡ್ಡಿನ ಮೇಜಿನ ಮೇಲೆ ಕೆಂಪು ದೋಣಿ ಹೊಟ್ಟೆ ಬಿಚ್ಚಿಕೊಂಡು ಮಲಗಿತ್ತು. ಟೀ ಮಾಡಲಾ ಎಂದು ಕೇಳಿದಳು. ಬೇಡವೆಂದ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಶುರುಮಾಡಿದ.

"ಬೆರಿಲ್, ಅವತ್ತು ನಾನು ತೆಪ್ಪದಲ್ಲಿ..."

"ಗೊತ್ತು," ಅಂದಳು. "ಅವತ್ತು ಸಂಜೇನೇ ಬಿಚ್ಚಿ ನೋಡ್ದೆ. ಗಾಳದ ದಾರದ ಒಂದು ತುಂಡು ಒಳಗೇ ಉಳ್ಕೊಂಡಿತ್ತು. ತುದೀಲಿ ಚಾಕು ಗುರುತು."

"ಮತ್ತೆ ಯಾಕೆ ಯಾರಿಗೂ ಹೇಳ್ಲಿಲ್ಲ ನೀನು?"

"ಹೇಳಿದ್ರೆ ನಿನ್ನನ್ನ ಕ್ಲಬ್ಬಿಂದ ಹೊರಗೆ ಹಾಕ್ತಿದ್ರು. ನಂಗೆ ಬೇಕಾಗಿದ್ದು ದೋಣಿ ಓಡ್ಸೋದು, ನಿನ್ನ ಓಡ್ಸೋದಲ್ಲ ಮಾರಾಯ."

ಬೈದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಮಡಚಿ ತಂದಿದ್ದ ಟವೆಲನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತ. ಅವಳೇ ಅದನ್ನು ತೆಗೆದುಕೊಂಡಳು.

ಮುಂದಿನ ಸಭೆಯಲ್ಲಿ ಲಿಂಡ್ಸೆ ಎದ್ದು ನಿಂತು ನಡೆದದ್ದನ್ನು ನಡೆದಂತೆ ಹೇಳಿದ. ಯಾರೂ ಕೂಗಾಡಲಿಲ್ಲ. ಅವನ ಪಕ್ಕದಲ್ಲಿ ಕೂತಿದ್ದವನು ಮಾತ್ರ ಕುರ್ಚಿಯನ್ನು ಒಂದಿಷ್ಟು ಆಚೆಗೆ ಎಳೆದುಕೊಂಡ. ಇವನನ್ನು ಏನು ಮಾಡೋಣ ಎಂದು ನೆವಿಲ್ ಕೇಳಿದಾಗ ಬೆರಿಲ್ ಎದ್ದಳು. ತೆಪ್ಪ ನಡೆಸೋಕೆ ಅವನಷ್ಟು ಚೆನ್ನಾಗಿ ಬೇರೆ ಯಾರಿಗೆ ಬರುತ್ತೆ ಎಂದಳು. ಇನ್ನೊಮ್ಮೆ ಕೈಯೆತ್ತಿದರು. ಈ ಸಲ ಬ್ಯಾಟರಿ ದೋಣಿಗಳಿಗೆ ಪಂದ್ಯಪಟ್ಟಿಯಲ್ಲಿ ಜಾಗ ಸಿಕ್ಕಿತು.

ಹೊಸ ಹಂಗಾಮಿನಲ್ಲಿ ಬ್ಯಾಟರಿ ದೋಣಿಗಳ ಮೊದಲ ಪಂದ್ಯಕ್ಕೆ ಬಾವುಟ ಬೀಸುವ ಕೆಲಸವನ್ನು ನೆವಿಲ್ ಲಿಂಡ್ಸೆಗೇ ಕೊಟ್ಟ. ಶಿಕ್ಷೆಯೋ ಕ್ಷಮೆಯೋ ಹೇಳಲಿಲ್ಲ, ಇವನೂ ಕೇಳಲಿಲ್ಲ. ನೀರಂಚಿನ ಹಲಗೆಯ ಮೇಲೆ ನಿಂತು ಬಾವುಟ ಇಳಿಸಿದ. ಕೆಂಪು ದೋಣಿಯ ಬೆನ್ನಿಗೇ, ಅದನ್ನು ನೋಡಿ ಬೇರೆಯವರು ಮೋಟರ್ ಕೂರಿಸಿಕೊಂಡಿದ್ದ ದೋಣಿಗಳೂ ಹೊರಟವು. ಪೆಟ್ರೋಲ್ ದೋಣಿಗಳು ಓಡುವಾಗ ಪಕ್ಕದವರ ಕಿವಿಗೇ ಬಾಯಿಟ್ಟು ಕೂಗಬೇಕಾಗಿದ್ದ ದಡದಲ್ಲಿ ಈಗ ನೀರು ಸೀಳುವ ಸಪ್ಪಳ ಬಿಟ್ಟರೆ ಏನೂ ಇರಲಿಲ್ಲ.

ಬಾವುಟ ಹಿಡಿದವರು ಯಾರು ಎಂದು ಹಿಂದೆ ಯಾರೋ ಹೊಸಬರು ಕೇಳಿದರು.

"ಅವ್ನಾ? ಅವ್ನೇ ಕಣೋ, ಬೆರಿಲ್ ದೋಣಿ ನಿಂತಾಗ..."

ಲಿಂಡ್ಸೆ ತಿರುಗಲಿಲ್ಲ. ಕಿವಿ ಬಿಸಿಯಾಯಿತು. ನೀರಿನಿಂದ ಕಣ್ಣು ಕೀಳದೆ ನಿಂತ. ಆಗ ಅದೇ ಕಡೆಯಿಂದ ಬೆರಿಲ್‌ಳ ದನಿ ಬಂತು.

"ಮೆಲ್ಲಗೆ ಮಾತಾಡ್ರೋ. ಇವತ್ತು ಎಲ್ಲಾ ಕೇಳ್ಸತ್ತೆ."