ಎರಡು ಸೂಜಿ, ಒಂದು ತಕ್ಕಡಿ

ಅಣ್ಣತಮ್ಮಂದಿರು ರಾತ್ರಿ ಊಟ ಮುಗಿಸಿ ಕೈ ತೊಳೆಯುವ ಹೊತ್ತಿಗೆ ಕೆಳಗೆ ಅವರ ದಿನಸಿ ಅಂಗಡಿಯ ಷಟರನ್ನು ಯಾರೋ ದಡದಡ ಬಡಿದರು. ತಮ್ಮ ಇಳಿದು ಬಂದು, ಜಾರುತ್ತಿದ್ದ ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಇನ್ನೊಂದು ಕೈಯಿಂದ ಷಟರ್ ಎತ್ತಿದ. ಬೇಕರಿಯವನು ಬೆನ್ನ ಮೇಲಿನ ಸಕ್ಕರೆ ಮೂಟೆಯನ್ನು ಒಳಕ್ಕೆ ಧೊಪ್ಪೆಂದು ಕೆಡವಿದ.

"ಐವತ್ತು ಕೆಜಿ ಅಂತ ಕೊಟ್ರಲ್ಲ ಸಾಹುಕಾರ್ರೇ, ಇರೋದು ನಲವತ್ತೈದು! ನಿಮ್ಮಪ್ಪನ ಕಾಲದಿಂದ ಕಣ್ಣು ಮುಚ್ಕೊಂಡು ತಗೊಂಡು ಹೋಗ್ತಿದ್ದೆ. ಚೆನ್ನಾಗಿ ಟೋಪಿ ಹಾಕಿದ್ರಿ. ಬೆಳಗಾಗ್ಲಿ, ಮಾರ್ಕೆಟ್ ತುಂಬಾ ಹೇಳ್ಕೊಂಡು ಬರ್ತೀನಿ."

"ಬಾಯಿಗೆ ಬಂದಂಗೆ ಮಾತಾಡ್ಬೇಡ," ಹಿಂದೆಯೇ ಬಂದ ಅಣ್ಣ ಗುಡುಗಿದ. "ನಮ್ಮಪ್ಪನ ತಕ್ಕಡಿ ಕಣೋ ಅದು. ಈವತ್ತಿನವರೆಗೂ ಒಂದು ಸುಳ್ಳು ಹೇಳಿಲ್ಲ."

"ಯಾರ್ರೋ ಬಂದಿರೋದು?" ಮಹಡಿಯಿಂದ ಅಮ್ಮನ ದನಿ. "ನನ್ನ ಕನ್ನಡಕ ಸಿಕ್ತೇನ್ರೋ?"

ಮಂಡಿನೋವು, ಮೈಭಾರ ಎಂದು ಅಮ್ಮ ಮೆಟ್ಟಿಲಿಳಿಯದೆ ವರ್ಷವಾಗಿತ್ತು. ತೂಕ ಇಳಿಯದಿದ್ದರೆ ಮುಂದೆ ಮಂಚವೇ ಗತಿಯಾದೀತು, ವಾರಕ್ಕೊಂದು ಇಂಜೆಕ್ಷನ್ ಕೊಡಿಸಿ ಎಂದಿದ್ದರು ಡಾಕ್ಟರು. ಅದರಲ್ಲಿ ಎರಡು ಬಗೆ: ಒಂದು ದುಬಾರಿ, ಹೆಚ್ಚು ಇಳಿಸುತ್ತದಂತೆ, ಇನ್ನೊಂದು ಅದರ ಕಾಲುಭಾಗದ ಬೆಲೆಗೇ ಸಿಗುತ್ತದೆ, ತುಸು ಕಡಿಮೆ ಇಳಿಸುತ್ತದಂತೆ. ಮೂಟೆಗೆ ಕೊಳವೆ ಚುಚ್ಚಿ ಮಾದರಿ ನೋಡದೆ ಸರಕು ಕೊಂಡ ಮನೆತನವಲ್ಲ ಅದು. ಅಮ್ಮನಿಗೆ ಕೊಡುವ ಮೊದಲು ತಾವೇ ಚುಚ್ಚಿಸಿಕೊಂಡು ನೋಡುವುದೆಂದು ಮಕ್ಕಳು ತೀರ್ಮಾನಿಸಿದರು. ಡಾಕ್ಟರು ಇಬ್ಬರ ಹೊಟ್ಟೆಯನ್ನೂ ಒಮ್ಮೆ ನೋಡಿ, ಮರುಮಾತಿಲ್ಲದೆ ಚೀಟಿ ಬರೆದುಕೊಟ್ಟರು. ಅಣ್ಣನಿಗೆ ದುಬಾರಿಯದು, ತಮ್ಮನಿಗೆ ಅಗ್ಗದ್ದು.

ಪ್ರತಿ ಭಾನುವಾರ ಒಬ್ಬರಾದ ಮೇಲೊಬ್ಬರು ಅಂಗಡಿಯ ದೊಡ್ಡ ತಕ್ಕಡಿಯ ತಟ್ಟೆಯಲ್ಲಿ ಮೊಣಕಾಲು ತಬ್ಬಿಕೊಂಡು ಕುಳಿತರು. ಎದುರಿನ ತಟ್ಟೆಯಲ್ಲಿ ಇಪ್ಪತ್ತು ಇಪ್ಪತ್ತು ಕೆಜಿಯ, ಹತ್ತು ಕೆಜಿಯ ಕಬ್ಬಿಣದ ತೂಕದ ಬಟ್ಟುಗಳು. ಮೂರು ತಿಂಗಳು ಅರ್ಧ ಹೊಟ್ಟೆಗೇ ಸಾಕೆನ್ನಿಸಿ ಎದ್ದವರಿಗೆ ತಕ್ಕಡಿ ಕೊಟ್ಟ ತೀರ್ಪು ಇದು: ಅಣ್ಣ ಒಂದು ಕೆಜಿ ಏರಿದ್ದಾನೆ, ತಮ್ಮ ನಾಲ್ಕು. ಬೆಲ್ಟಿಗೆ ಹೊಸ ತೂತುಗಳು ಬಿದ್ದವು, ಅಂಗಿ ಗಾಳಿಗೆ ಹಾರಾಡಿತು. ಅಣ್ಣ ಮಾತ್ರ ದರ್ಜಿಯನ್ನು ಕರೆಸಿ ಬೈದ: "ಪ್ಯಾಂಟು ಸುಳ್ಳು ಹೇಳಬಹುದು, ಅಪ್ಪನ ತಕ್ಕಡಿ ಹೇಳಲ್ಲ." ತಮ್ಮ ನಿಟ್ಟುಸಿರಿಟ್ಟ: "ದುಡ್ಡು ಕೊಟ್ಟು ತೂಕ ಕೊಂಡ ಹಾಗಾಯ್ತು." ಅಮ್ಮನೂ ಇಬ್ಬರನ್ನೂ ಮೇಲಿನಿಂದ ಕೆಳಗಿನವರೆಗೆ ನೋಡಿ, "ಹೌದು ಕಣ್ರೋ, ಊದಿಕೊಂಡಿದ್ದೀರಿ" ಎಂದಿದ್ದಳು.

ಬೇಕರಿಯವನು ಗಾಡಿಯಿಂದ ತನ್ನದೇ ಬಟ್ಟೊಂದನ್ನು ಇಳಿಸಿ ತಂದ. "ಇಪ್ಪತ್ತು ಕೆಜಿ. ಸರ್ಕಾರಿ ಮುದ್ರೆ ಇನ್ನೂ ಮಾಸಿಲ್ಲ. ನಿಮ್ಮದೊಂದು ಇಡಿ ನೋಡೋಣ."

ಇಟ್ಟರು. ಬೇಕರಿಯವನ ಬಟ್ಟು ಸರ್ರನೆ ನೆಲ ಮುಟ್ಟಿತು. ಅಪ್ಪನ ಕಾಲದ್ದು ಗಾಳಿಯಲ್ಲಿ ತೂಗಾಡುತ್ತ ಅಣ್ಣನ ಮೂಗಿನ ನೇರಕ್ಕೆ ಬಂದು ನಿಂತಿತು. ಮೇಲೇರಿದ ತಟ್ಟೆಗೆ ಸಣ್ಣ ಬಟ್ಟುಗಳನ್ನು ಒಂದೊಂದಾಗಿ ಇಟ್ಟ ತಮ್ಮನ ಕೈ ಎರಡು ಕೆಜಿಗೆ ನಿಂತಿತು.

"ಅಣ್ಣಾ! ಇದು ಇಪ್ಪತ್ತಲ್ಲ, ಹದಿನೆಂಟು! ಅಂದ್ರೆ ನೀನು ನೂರಹನ್ನೊಂದಲ್ಲ, ನೂರು!"

"ನೂರಾ? ಹತ್ತು ಕೆಜಿ ಇಳಿದಿದ್ದೀನಾ?" ಅಣ್ಣ ಬೇಕರಿಯವನನ್ನು ಬಾಚಿ ತಬ್ಬಿಕೊಂಡ. "ನೀನು ಸಾವಿರ ವರ್ಷ ಬಾಳಪ್ಪಾ! ಲೋ, ನಿಂದೆಷ್ಟು?"

"ಆರು."

"ನೋಡಿದ್ಯಾ? ದುಡ್ಡಿಗೆ ತಕ್ಕ ಮಾಲು!"

"ಕೆಜಿಗೆ ಎಷ್ಟು ಬಿತ್ತು ಅಂತ ಲೆಕ್ಕ ಹಾಕು. ನೀನು ಒಂದು ಕೆಜಿ ಇಳಿಸೋ ದುಡ್ಡಲ್ಲಿ ನಾನು ಎರಡು ಇಳಿಸಿ ಚಿಲ್ಲರೆ ಜೇಬಿಗೆ ಹಾಕ್ಕೊಂಡಿದ್ದೀನಿ."

"ಚಿಲ್ಲರೆ ಬುದ್ಧಿ!"

"ನನ್ನ ಐದು ಕೆಜಿ ಸಕ್ಕರೆ ಎಲ್ಲ್ರೀ?" ಬೇಕರಿಯವನು ಅಪ್ಪುಗೆಯೊಳಗಿಂದಲೇ ಅರಚಿದ.

ಬೆಳಗಾದರೆ ಮಾರುಕಟ್ಟೆಯೆಲ್ಲ ಕಳ್ಳರೆಂದು ಬೆರಳು ತೋರಿಸುತ್ತದೆ ಎಂಬುದು ಅಣ್ಣತಮ್ಮಂದಿರಿಗೆ ಆಗ ಹೊಳೆಯಿತು. ತಮ್ಮ ಬಟ್ಟನ್ನು ಮಗುಚಿದ. ಅಡಿಯಲ್ಲಿ, ತೂಕ ಸರಿದೂಗಿಸಲು ಸೀಸ ತುಂಬಿರಬೇಕಾದ ಕಡೆ, ಮುಷ್ಟಿಗಾತ್ರದ ಕುಳಿಯಿತ್ತು. ಇನ್ನೊಂದನ್ನು ಮಗುಚಿದ, ಅಲ್ಲಿಯೂ ಕುಳಿ. ದೊಡ್ಡ ಬಟ್ಟುಗಳೆಲ್ಲ, ಹತ್ತು ಕೆಜಿಯದೂ, ಹಾಗೆಯೇ.

"ಇದು ಸವೆದಿದ್ದಲ್ಲ," ಬೇಕರಿಯವನು ಕುಳಿಯೊಳಗೆ ಬೆರಳಾಡಿಸಿದ. "ಯಾರೋ ದಿನಾ ಕೂತು ತಾಳ್ಮೆಯಿಂದ ಕೆರೆದಿದ್ದಾರೆ."

"ನೀನೇನೋ?" ಅಣ್ಣ ತಮ್ಮನ ಕಡೆ ಕಣ್ಣು ಬಿಟ್ಟ.

"ನಾನ್ಯಾಕೆ ಕೆರೀಲಿ? ದಪ್ಪ ಕಾಣೋ ಆಸೆಗಾ?"

ಬಟ್ಟುಗಳನ್ನು ಜೋಡಿಸಿಡುವ ಮೂಲೆಯತ್ತ ತಮ್ಮ ಟಾರ್ಚು ಬಿಟ್ಟ. ಕಪಾಟಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಏನೋ ಮಿನುಗಿತು. ಮೂರು ತಿಂಗಳ ಹಿಂದೆ ಆ ಸಂದಿಗೆ ಅವನ ಒಂದು ತೊಡೆಯೂ ಹಿಡಿಸುತ್ತಿರಲಿಲ್ಲ. ಈಗ ಉಸಿರು ಬಿಗಿಹಿಡಿಯದೆಯೇ ನುಸುಳಿಹೋದ. ಹೊರಬಂದಾಗ ಅವನ ಅಂಗೈಯಲ್ಲಿ, ಗಾಜಿನ ತುಂಬ ಸೀಸದ ಪುಡಿ ಮೆತ್ತಿಕೊಂಡ, ಒಂದು ಕನ್ನಡಕವಿತ್ತು.

ಅಣ್ಣ ಅದನ್ನು ತೆಗೆದುಕೊಂಡು ಗಾಜನ್ನು ಅಂಗಿಯಂಚಿನಿಂದ ಒರೆಸಿದ. ಆಮೇಲೆ ಮೆಟ್ಟಿಲ ಬುಡಕ್ಕೆ ಹೋಗಿ ನಿಂತ.

"ಅಮ್ಮಾ, ಕನ್ನಡಕ ಸಿಕ್ತು. ಇಲ್ಲೇ, ಬಟ್ಟಿನ ಮೂಲೇಲಿ."

ಮೇಲೆ ಮಂಚ ಕಿರುಗುಟ್ಟಿತು. ಹೆಜ್ಜೆಗಳು ಗೋಡೆ ತಡವದೆ, ನರಳದೆ, ಸರಸರನೆ ಅರ್ಧ ಮೆಟ್ಟಿಲಿಳಿದು ಕತ್ತಲಲ್ಲಿ ನಿಂತವು.

"ಸೂಜಿ ಅಂದ್ರೆ ನಂಗೆ ಮೊದಲಿಂದ್ಲೂ ಭಯ ಕಣ್ರೋ," ಎಂದಳು ಅಮ್ಮ.