ಬೇರೆ ಬ್ಯಾಟರಿ

ಕಾರಿನ ಹಿಂದೆ ಕಟ್ಟಿ ಎಳೆದು ತಂದಿದ್ದ, ಚಕ್ರದ ಮೇಲಿನ ಪುಟ್ಟ ಮನೆಯಂಥ ಕ್ಯಾರವಾನ್ ಗಾಡಿಯ ಮೂತಿಗೆ ಮೆಕ್ಯಾನಿಕ್ ಕರೆಂಟಿನ ಜಾಕ್ ಕೂರಿಸಿದ. ಗುಂಡಿ ಒತ್ತಿದರೆ ಸಾಕು, ಮೂತಿ ಮೇಲೆದ್ದು ಗಾಡಿ ಕಾರಿನಿಂದ ಕಳಚಿಕೊಳ್ಳುತ್ತದೆ.

“ಕರೆಂಟ್ ಎಲ್ಲಿಂದ ಕೊಡ್ಲಿ ಸಾರ್?”

“ಕಾರಿಂದಲೇ ವೈರ್ ಎಳೀರಿ,” ಎಂದ ಗಂಡ.

“ಬೇಡ. ಗಾಡಿಗೆ ಬೇರೆ ಬ್ಯಾಟರಿ ಹಾಕಿ,” ಎಂದಳು ಹೆಂಡತಿ.

“ಬೇರೆ ಯಾಕೆ? ಕಾರಿಲ್ಲದೆ ಇದು ಎಲ್ಲಿಗೆ ಹೋಗುತ್ತೆ?” ಹೇಳುತ್ತಲೇ ಅವನ ದನಿ ಅಂಗಲಾಚತೊಡಗಿತ್ತು. ಅವಳು ಅವನತ್ತ ತಿರುಗಲೂ ಇಲ್ಲ.

ಮೆಕ್ಯಾನಿಕ್ ನಕ್ಕ. “ಸಾರ್ ಹೇಳೋದು ಸರಿ ಮೇಡಂ. ಎರಡೂ ಯಾವಾಗ್ಲೂ ಜೊತೇಲೇ ಇರ್ತವಲ್ಲ?”

ಗಾಡಿಯ ಕಿಟಕಿಗೆ ಅವಳೇ ಹೊಲಿದಿದ್ದ ಹಳದಿ ಪರದೆಯನ್ನು ನೋಡುತ್ತ ಗಂಡ ನಿಂತ.

“ಜೊತೆ ಇಲ್ಲೀತನಕ ಅಷ್ಟೇ ಕಣಪ್ಪ,” ಎಂದಳು ಹೆಂಡತಿ. “ಕೋರ್ಟಲ್ಲಿ ಕಾರು ಇವರ ಪಾಲಿಗೆ ಬಂತು, ಗಾಡಿ ನನ್ನ ಪಾಲಿಗೆ.”